ನೂರಿಪ್ಪತ್ತೇಳು ಹಲ್ಲಿನ ಚಕ್ರ

ನನ್ನ ಲೇತ್ ಅಂಗಡಿಯ ಕಿಟಕಿಗೂಡಿನಲ್ಲಿ ಒಂದು ಹಳೆಯ ಡಾಲ್ಡಾ ಡಬ್ಬ ಇದೆ. ಅದರ ತುಂಬ ಮುರಿದ ಬೋಲ್ಟು, ತುಂಡಾದ ಸ್ಟಡ್ಡು. ಸಕಲೇಶಪುರದ ಸುತ್ತಮುತ್ತಲ ಜೀಪುಗಳಿಂದ 1981ರಿಂದೀಚೆಗೆ ನಾನು ಕೊರೆದು, ಬಡಿದು, ವೆಲ್ಡ್ ಹಚ್ಚಿ ಹೊರತೆಗೆದವು. ಗುಜರಿಯವರು ಎರಡು ಸಲ ಕೇಳಿದರು, ಕೊಡಲಿಲ್ಲ.

ಮುರಿದ ಮುಖ ನೋಡಿದರೆ ಬೋಲ್ಟು ಹೇಗೆ ಸತ್ತಿತು ಎಂದು ಹೇಳಬಹುದು. ಒಂದೇ ಏಟಿಗೆ ಹೋದದ್ದರ ಮುಖ ಪೂರ್ತಿ ಸಕ್ಕರೆ ಹರಳಿನ ಹಾಗೆ ಒರಟು. ಅತಿಯಾಗಿ ಬಿಗಿದು ತುಂಡಾದದ್ದರ ಕತ್ತು ತಿರುಚಿಕೊಂಡು ಸಣ್ಣಗಾಗಿರುತ್ತದೆ. ಇನ್ನೊಂದು ಬಗೆಯದರ ಮುಖ ಅರ್ಧ ನುಣುಪು. ಆ ನುಣುಪಿನ ಮೇಲೆ, ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವಂಥ ಗೆರೆಗಳು. ಉಳಿದರ್ಧ ಒರಟು. ಅದು ಒಂದು ದಿನದಲ್ಲಿ ಮುರಿದದ್ದಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ, ಎಂಜಿನ್ ನಡುಗಿದಾಗಲೆಲ್ಲ ಕೂದಲೆಳೆಯಷ್ಟು ಬಿರುಕು ಮುಂದೆ ಹೋಗಿ, ಕೊನೆಗೆ ಉಳಿದ ಚೂರು ಭಾರ ತಾಳದೆ ಬಿಟ್ಟದ್ದು. ಜರ್ಮನಿಯಲ್ಲಿ ಔಗುಸ್ಟ್ ವೋಲರ್ ಎಂಬ ಎಂಜಿನಿಯರ್ 1850–60ರ ದಶಕಗಳಲ್ಲಿ ರೈಲಿನ ಅಚ್ಚುಗಳು ಯಾಕೆ ಹೀಗೆ ಸಣ್ಣ ಭಾರಕ್ಕೇ ಮುರಿಯುತ್ತವೆ ಎಂದು ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದರು. ಅದನ್ನು ನಾನು ಓದಿದ್ದು ಬಹಳ ತಡವಾಗಿ. ಅಷ್ಟರೊಳಗೆ ಡಬ್ಬ ಮುಕ್ಕಾಲು ತುಂಬಿತ್ತು.

ಡಬ್ಬದಲ್ಲಿರುವ ಹೆಚ್ಚಿನವು ಈ ಕೊನೆಯ ಜಾತಿಯವು, ಮತ್ತು ಹೆಚ್ಚುಕಡಿಮೆ ಒಂದೇ ಜಾಗದವು: ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗಿನವು. ಮಲೆನಾಡಿನ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ ಕಾಲದ ಚರಿತ್ರೆಯನ್ನು ಯಾರೂ ಬರೆದಿಟ್ಟದ್ದನ್ನು ನಾನು ನೋಡಿಲ್ಲ. ಈ ಡಬ್ಬ ಇಟ್ಟುಕೊಂಡು ನನಗೆ ತಿಳಿದಷ್ಟು ಬರೆಯುತ್ತೇನೆ.

ಜೀಪು ನಮ್ಮ ಕಡೆ ಬಂದದ್ದು ಯುದ್ಧದ ಬೆನ್ನಿಗೆ. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಇಲ್ಲಿ ಬಿಟ್ಟುಹೋದ ಗಾಡಿಗಳು ಹರಾಜಾದವು. ಕಾಫಿ ತೋಟಗಳಿಗೆ ಅಂಥದ್ದೊಂದು ಬೇಕಾಗಿಯೇ ಇತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎತ್ತಿನ ಗಾಡಿಯೂ ಹೂತುಹೋಗುವ ದಾರಿಯಲ್ಲಿ, ನಾಲ್ಕು ಚಕ್ರಕ್ಕೂ ಎಳೆತ ಇರುವ ಗಾಡಿಯಲ್ಲದೆ ಬೇರೆ ಯಾವುದೂ ಹತ್ತುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಆ ವರ್ಷಗಳಲ್ಲೇ ಮುಂಬಯಿಯ ಮಹೀಂದ್ರ ಕಂಪನಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸತೊಡಗಿತು. ಮುಂದೆ ಇಲ್ಲೇ ತಯಾರಿಸಿತು.

ಆ ಜೀಪಿನ ಮುಖದಲ್ಲೇ ಒಂದು ಎಂಜಿನ್ ಬದಲಾವಣೆಯ ಕಥೆ ಇದೆ. ಯುದ್ಧಕಾಲದ ಜೀಪಿನ ಎಂಜಿನ್ 134 ಘನ ಅಂಗುಲದ್ದು, 60 ಅಶ್ವಶಕ್ತಿಯದು, ವಾಲ್ವುಗಳೆಲ್ಲ ಬ್ಲಾಕಿನೊಳಗೇ ಇದ್ದ ಗಿಡ್ಡ ಎಂಜಿನ್. ಶಕ್ತಿ ಸಾಲದೆಂದು ವಿಲ್ಲಿಸ್‌ನವರು ಅದೇ ಬ್ಲಾಕಿಗೆ ಹೊಸ ಹೆಡ್ ಮಾಡಿ, ಗಾಳಿ ಒಳಗೆ ಬರುವ ವಾಲ್ವನ್ನು ಮೇಲಕ್ಕೆ ಒಯ್ದರು. ಹೊಗೆ ಹೊರಹೋಗುವ ವಾಲ್ವು ಕೆಳಗೇ ಉಳಿಯಿತು. ಹರಿಕೇನ್ ಎಂಬ ಹೆಸರಿನ ಆ ಎಂಜಿನ್ ಎತ್ತರವಾಗಿ, ಹಳೆಯ ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ. ಅದಕ್ಕಾಗಿ ಬಾನೆಟ್ಟನ್ನೇ ಎತ್ತರಿಸಿ 1953ರಲ್ಲಿ ಸಿಜೆ-3ಬಿ ಎಂಬ ಜೀಪು ತಂದರು. ನಮ್ಮ ತೋಟಗಳಲ್ಲಿ ದಶಕಗಳ ಕಾಲ ಓಡಿದ ಎತ್ತರ ಮೂತಿಯ ಜೀಪು ಅದೇ. ಓಹಾಯೊದ ಟೊಲೀಡೊ ಕಾರ್ಖಾನೆಯವರಿಗೆ ಬಾನೆಟ್ ಎತ್ತರಿಸಲು ಪ್ರೆಸ್ಸು, ಡೈ ಎಲ್ಲ ಇತ್ತು. ಅದಿಲ್ಲದೆ ಅದೇ ಥರದ ಕೆಲಸವನ್ನು ಮೂವತ್ತು ವರ್ಷದ ಮೇಲೆ ನಾವು ಹಲಸಿನ ಮರದ ಕೆಳಗೆ ಮಾಡಬೇಕಾಯಿತು.

1973ರಲ್ಲಿ ಅರಬ್ ದೇಶಗಳು ತೈಲ ಬಿಗಿಹಿಡಿದಾಗ ಪೆಟ್ರೋಲ್ ಬೆಲೆ ಏರಿತು. 1979ರಲ್ಲಿ ಇರಾನಿನ ಕ್ರಾಂತಿಯಾದಾಗ ಮತ್ತೆ ಏರಿತು. ಡೀಸೆಲ್ಲಿಗೆ ಸರ್ಕಾರ ಹಾಕುತ್ತಿದ್ದ ತೆರಿಗೆ ಕಡಿಮೆ. ರೈತರ ಟ್ರ್ಯಾಕ್ಟರ್, ಲಾರಿ, ಬಸ್ಸು ಅದರಲ್ಲೇ ಓಡಬೇಕಲ್ಲ. ಗುಡ್ಡದ ದಾರಿಯಲ್ಲಿ ಫೋರ್ ವೀಲ್ ಹಾಕಿ ಏರುವ ಪೆಟ್ರೋಲ್ ಜೀಪಿನ ಹೊಟ್ಟೆ ತುಂಬಿಸಲು ದೊಡ್ಡ ತೋಟದವರೂ ಹಿಂದೆಮುಂದೆ ನೋಡುವಂತಾಯಿತು. ಮಹೀಂದ್ರದವರೇ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಕುಲದ ಡೀಸೆಲ್ ಎಂಜಿನ್ನನ್ನು ಜೀಪಿಗೆ ಹಾಕಿದರು. 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಎಕ್ಸ್‌ಡಿಪಿ 4.90 ಎಂಬ ಡೀಸೆಲ್ ಎಂಜಿನ್ ತಂದರು. ಆ ಹೆಸರೇ ಅಳತೆ: ನಾಲ್ಕು ಸಿಲಿಂಡರು, 90 ಮಿಲಿಮೀಟರ್ ಬೋರು. ಹೊಸ ಗಾಡಿ ಕೊಳ್ಳಲಾಗದವರು ಹಳೆಯ ಜೀಪಿಗೆ ಡೀಸೆಲ್ ಎಂಜಿನ್ ಹುಡುಕಿಕೊಂಡು ಹೊರಟರು. ಅಪಘಾತದಲ್ಲಿ ನುಜ್ಜಾದ ಗಾಡಿಯ ಪ್ಯೂಜೋ, ಮೆಟಡಾರ್ ವ್ಯಾನಿನ ಎಂಜಿನ್, ಯಾವುದು ಸಿಕ್ಕಿತೋ ಅದು. ಮಂಗಳೂರಿನ ಬಂದರು, ಬೆಂಗಳೂರಿನ ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ ಅಂಗಡಿಗಳಿಂದ ಎಂಜಿನ್ನುಗಳು ಲಾರಿಯಲ್ಲಿ ಭತ್ತದ ಹುಲ್ಲಿನ ಮೇಲೆ ಮಲಗಿಕೊಂಡು ಬರುತ್ತಿದ್ದವು.

ನಾನು ಐಟಿಐಯಲ್ಲಿ ಟರ್ನರ್ ಕೋರ್ಸು ಮುಗಿಸಿ ಈ ಅಂಗಡಿಗೆ ಸೇರಿದ್ದು ಆ ಹೊತ್ತಿನಲ್ಲಿ. ಯಜಮಾನರ ಹತ್ತಿರ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತು ಒಂದಿತ್ತು. 1941ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಯ ಲೇತು ಇಲ್ಲದ ವರ್ಕ್‌ಶಾಪನ್ನು ನಮ್ಮ ಸೀಮೆಯಲ್ಲಿ ಆಗ ಹುಡುಕಬೇಕಿತ್ತು. ಪಕ್ಕದ ಗ್ಯಾರೇಜಿನ ಮೇಸ್ತ್ರಿ ಮಂಗಳೂರಿನ ಕಡೆಯವರು, ಬ್ಯಾರಿ. ಎಂಜಿನ್ ಕಟ್ಟುವುದು ಅವರ ಕೆಲಸ. ಜೀಪಿನ ಗೇರ್‌ಬಾಕ್ಸಿಗೂ ಬೇರೆ ಊರಿನ ಎಂಜಿನ್ನಿಗೂ ನಡುವೆ ಕೂರುವ ಅಡಾಪ್ಟರ್ ಪ್ಲೇಟನ್ನು ತಿರುಗಿಸಿ ಕೊಡುವುದು ನನ್ನ ಕೆಲಸ.

ಹೊರಗಿನಿಂದ ನೋಡಿದವರಿಗೆ ಎಂಜಿನ್ ಬದಲಿಸುವುದೆಂದರೆ ಚೈನ್ ಬ್ಲಾಕಿನಲ್ಲಿ ಎತ್ತಿ ಇಳಿಸುವುದು. ಅದು ಮೂರು ದಿನದ ಕೆಲಸ. ಮೊದಲ ಸ್ಟಾರ್ಟಿಗೆ ತೆಂಗಿನಕಾಯಿ ಒಡೆದು, ಜೀಪಿನ ಒಡೆಯರಾದ ಗೌಡ್ರು ಎಲ್ಲರಿಗೂ ಕಾಫಿ ತರಿಸಿ, ಮೇಸ್ತ್ರಿಯ ಜೇಬಿಗೆ ನೋಟು ಇಟ್ಟು ಹೋಗುತ್ತಿದ್ದರು. ನಿಜವಾದ ಕೆಲಸ ಆಮೇಲೆ ಶುರುವಾಗುತ್ತಿತ್ತು. ಹದಿನೈದು ದಿನಕ್ಕೆ ಜೀಪು ವಾಪಸು. ಒಂದೋ ಬೆಲ್ ಹೌಸಿಂಗಿನ ಬೋಲ್ಟು ಮುರಿದಿದೆ, ಇಲ್ಲವೇ ಕ್ಲಚ್ಚಿನ ಕೆಳಗಿಂದ ಆಯಿಲ್ ತೊಟ್ಟಿಕ್ಕುತ್ತಿದೆ. ಬಹಳ ಸಲ ಎರಡೂ. ಎಂಜಿನ್ ಹತ್ತಿಸಿದವರನ್ನು ಎಲ್ಲರೂ ಹೊಗಳಿದರು; ಆ ಆಯಿಲ್ ನಿಲ್ಲಿಸಿದವರನ್ನು ನೆನೆದವರು ಕಡಿಮೆ. ಈ ಕಸುಬು ಬೆಳೆದದ್ದು ಮಾತ್ರ ಎಂಜಿನ್ ಎತ್ತಿ ಇಳಿಸುವುದರಲ್ಲಿ ಅಲ್ಲ, ಹಾಗೆ ವಾಪಸು ಬಂದ ಜೀಪುಗಳ ಅಡಿಯಲ್ಲಿ.

ಬೋಲ್ಟುಗಳ ಮಾತು ಮೊದಲು. ಒಂದು ಬೋಲ್ಟಿನ ಮೇಲೆ ಕೊರೆದ ಸುತ್ತಿಗೂ ಒಂದು ದೇಶ ಇದೆ ಎಂದು ನನಗೆ ಕಲಿಸಿದ್ದು ಈ ಜೀಪುಗಳೇ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್, ಊರಿಗೊಂದು ಅಳತೆಯ ಸ್ಕ್ರೂ ಇದ್ದ ಕಾಲದಲ್ಲಿ, ಎಲ್ಲರೂ ಒಂದೇ ಲೆಕ್ಕದಲ್ಲಿ ಥ್ರೆಡ್ ಹಾಕೋಣ ಎಂದು ಒಂದು ಪಟ್ಟಿ ಕೊಟ್ಟರು. ಅವರ ಥ್ರೆಡ್ಡಿನ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಸೆಲ್ಲರ್ಸ್, ತುದಿಯನ್ನು ಚಪ್ಪಟೆ ಬಿಟ್ಟ 60 ಡಿಗ್ರಿಯದೇ ಕೊರೆಯಲು ಸುಲಭ ಎಂದರು. ಎರಡು ದೇಶಗಳೂ ತಮ್ಮ ತಮ್ಮ ದಾರಿ ಹಿಡಿದವು. ಯುದ್ಧದಲ್ಲಿ ಒಬ್ಬರ ಗಾಡಿಗೆ ಇನ್ನೊಬ್ಬರ ಬೋಲ್ಟು ಕೂರದೆ ಪಟ್ಟ ಪಾಡು ನೋಡಿ, 1948ರ ನವೆಂಬರ್‌ನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಕೂತು 60 ಡಿಗ್ರಿಯ ಯೂನಿಫೈಡ್ ಥ್ರೆಡ್ಡಿಗೆ ಸಹಿ ಹಾಕಿದವು. ಯೂರೋಪಿನ ಉಳಿದ ದೇಶಗಳು ಅಷ್ಟರಲ್ಲಾಗಲೇ ಮಿಲಿಮೀಟರ್ ಹಿಡಿದಿದ್ದವು. ನಮ್ಮ ದೇಶ 1956ರಲ್ಲಿ ಮೆಟ್ರಿಕ್ ಕಾನೂನು ಮಾಡಿತು.

ಈಗ ಸಕಲೇಶಪುರದ ಜೀಪಿನ ಕೆಳಗೆ ಬನ್ನಿ. ಗೇರ್‌ಬಾಕ್ಸು ಅಮೆರಿಕದ್ದು, ಇಂಚು. ಎಂಜಿನ್ನು ಫ್ರಾನ್ಸಿನದು, ಮಿಲಿಮೀಟರ್. ಪೇಟೆಯ ಹಾರ್ಡ್‌ವೇರ್ ಅಂಗಡಿಯ ಡಬ್ಬಿಯಲ್ಲಿ ಇದ್ದದ್ದು ಬಾಗಿಲು, ಪಂಪು, ಭತ್ತದ ಮಿಲ್ಲಿಗೆ ಮಾರುವ ವಿಟ್‌ವರ್ತ್ ಬೋಲ್ಟು. ಮೂರೂ ಒಂದೇ ಕೈಚೀಲದಲ್ಲಿ ಬರುತ್ತಿದ್ದವು.

3/8 ಇಂಚಿನ ಅಮೆರಿಕನ್ ಬೋಲ್ಟಿಗೆ ಒಂದು ಇಂಚಿನಲ್ಲಿ 16 ಸುತ್ತು. 3/8 ವಿಟ್‌ವರ್ತಿಗೂ ಅಷ್ಟೇ. ಕೋನ ಮಾತ್ರ ಬೇರೆ. 10 ಮಿಲಿಮೀಟರಿನ ಬೋಲ್ಟಿಗೆ ಸುತ್ತಿನಿಂದ ಸುತ್ತಿಗೆ ಒಂದೂವರೆ ಮಿಲಿಮೀಟರ್. 3/8 ಎಂದರೆ 9.525 ಮಿಲಿಮೀಟರ್, ಅದರ ಸುತ್ತು 1.5875. ಕಣ್ಣಿಗೆ ಮೂರೂ ಒಂದೇ. 10 ಮಿಲಿಮೀಟರಿನ ತೂತಿಗೆ 3/8 ಬೋಲ್ಟು ಹಾಕಿದರೆ ಅರ್ಧ ಮಿಲಿಮೀಟರ್ ಸಡಿಲದಲ್ಲಿ ಸಲೀಸಾಗಿ ಒಳಗೆ ಹೋಗುತ್ತದೆ. ಪ್ರತಿ ಸುತ್ತಿಗೂ ಅದು ಮಿಲಿಮೀಟರಿನ ಹನ್ನೊಂದನೆಯ ಒಂದು ಪಾಲಿನಷ್ಟು ದಾರಿ ತಪ್ಪುತ್ತಿರುತ್ತದೆ. ಆರು ಸುತ್ತು ಹೋಗುವಷ್ಟರಲ್ಲಿ ಅರ್ಧ ಮಿಲಿಮೀಟರ್ ತಪ್ಪಿ, ಒಂದೆರಡು ಸುತ್ತಿನ ಅಂಚು ಮಾತ್ರ ಕಚ್ಚಿಕೊಂಡು ನಿಲ್ಲುತ್ತದೆ. ಪಾನಾ ಹಿಡಿದ ಹುಡುಗನಿಗೆ ಬೋಲ್ಟು ಬಿಗಿಯಾಯಿತು ಅನ್ನಿಸುತ್ತದೆ. ಬಿಗಿಯಾಗಿರುವುದಿಲ್ಲ. ಹಾಗೆ ಅರೆಬಿಗಿಯಲ್ಲಿ ಉಳಿದ ಬೋಲ್ಟೇ ಅಲೆಯ ಗೆರೆ ಬರೆಸಿಕೊಂಡು ಸಾಯುವುದು. ಬೋಲ್ಟು ಅನ್ನುವುದು ಗೂಟವಲ್ಲ, ಎಳೆದಿಟ್ಟ ಸ್ಪ್ರಿಂಗು. ಚೆನ್ನಾಗಿ ಎಳೆದಿಟ್ಟದ್ದು ಎರಡು ಲೋಹಗಳನ್ನು ಒತ್ತಿ ಹಿಡಿಯುತ್ತದೆ, ನಡುಕ ಅದಕ್ಕೆ ತಾಗುವುದಿಲ್ಲ. ಸಡಿಲ ಬಿಟ್ಟದ್ದೇ ನಡುಕವನ್ನೆಲ್ಲ ತಾನು ತಿನ್ನುವುದು.

ಅದೂ ಡೀಸೆಲ್ಲಿನ ನಡುಕ. ಹಳೆಯ ಪೆಟ್ರೋಲ್ ಎಂಜಿನ್ ಗಾಳಿಯನ್ನು ಒತ್ತುತ್ತಿದ್ದದ್ದು ಏಳರಲ್ಲಿ ಒಂದು ಪಾಲಿಗೆ. ಡೀಸೆಲ್ ಇಪ್ಪತ್ತಕ್ಕೂ ಮೇಲೆ. ನಿಂತಲ್ಲೇ ಓಡುವಾಗ ಬಾನೆಟ್ಟಿನ ಮೇಲಿಟ್ಟ ಲೋಟ ಜಾರಿ ಬೀಳುತ್ತಿತ್ತು.

ಪರಿಹಾರ ಎಂದರೆ ಎರಡು ತಲೆಯ ಸ್ಟಡ್ಡು ಮಾಡುವುದು: ಒಂದು ತುದಿ ಇಂಚು, ಇನ್ನೊಂದು ತುದಿ ಮಿಲಿಮೀಟರ್. ನಮ್ಮ ಲೇತಿನ ಲೀಡ್ ಸ್ಕ್ರೂ ಇಂಚಿಗೆ ನಾಲ್ಕು ಸುತ್ತಿನದು. 16 ಸುತ್ತು ಹಾಕಬೇಕಾದರೆ 20 ಹಲ್ಲಿನ ಚಕ್ರದಿಂದ 80 ಹಲ್ಲಿನ ಚಕ್ರಕ್ಕೆ ಓಡಿಸಿದರೆ ಮುಗಿಯಿತು. ಮಿಲಿಮೀಟರ್ ಥ್ರೆಡ್ಡಿಗೆ ಮಾತ್ರ ಯಾವ ಚಕ್ರ ಹಾಕಿದರೂ ಲೆಕ್ಕ ಕೂಡುತ್ತಿರಲಿಲ್ಲ. ಇಂಚು ಎಂದರೆ 25.4 ಮಿಲಿಮೀಟರ್, 1959ರಲ್ಲಿ ಇಂಗ್ಲಿಷ್ ಮಾತಾಡುವ ದೇಶಗಳು ಸೇರಿ ಇದನ್ನೇ ಖಚಿತ ಮಾಡಿಕೊಂಡವು. ಆ 25.4ನ್ನು ಐದರಿಂದ ಗುಣಿಸಿದರೆ 127. ಅದಕ್ಕಿಂತ ಚಿಕ್ಕ ಪೂರ್ಣಸಂಖ್ಯೆ ಸಿಕ್ಕುವುದಿಲ್ಲ, ಮತ್ತು 127 ಯಾವುದರಿಂದಲೂ ಭಾಗವಾಗುವುದಿಲ್ಲ. ಆದ್ದರಿಂದ ಇಂಚಿನ ಲೇತಿನಲ್ಲಿ ಮಿಲಿಮೀಟರ್ ಥ್ರೆಡ್ ನಿಖರವಾಗಿ ಹಾಕಬೇಕಾದರೆ 127 ಹಲ್ಲಿನ ಒಂದು ಚಕ್ರ ಬೇಕೇ ಬೇಕು. ಸೆಕೆಂಡ್ ಹ್ಯಾಂಡ್ ಬಂದ ನಮ್ಮ ಲೇತಿನ ಜೊತೆ ಅದು ಬಂದಿರಲಿಲ್ಲ.

ಯಜಮಾನರು ಬೆಂಗಳೂರಿಗೆ ಹೋಗಿ ಮಾಡಿಸಿ ತಂದರು. ಅಂಥ ಸಂಖ್ಯೆಯ ಹಲ್ಲು ಕತ್ತರಿಸಲು ಸಾಮಾನ್ಯ ಡಿವೈಡಿಂಗ್ ಹೆಡ್ಡಿನ ತೂತಿನ ತಟ್ಟೆ ಸಾಲದು, ತಟ್ಟೆಯನ್ನೂ ಗೇರಿನಿಂದ ನಿಧಾನವಾಗಿ ತಿರುಗಿಸುತ್ತ ಹೋಗಬೇಕು. ಎರಡು ವಾರ ಹಿಡಿಯಿತು. ಬಾಳೆಯೆಲೆಯಲ್ಲಿ ಸುತ್ತಿದ ಚಕ್ರವನ್ನು ರಾತ್ರಿ ಬಸ್ಸಿನಿಂದ ಇಳಿಸಿಕೊಂಡು ಬಂದು ಮರುದಿನ ಬೆಳಿಗ್ಗೆ ಅದಕ್ಕೆ ಕುಂಕುಮ ಇಟ್ಟರು. 30 ಹಲ್ಲಿನದರಿಂದ 127ಕ್ಕೆ ಓಡಿಸಿದರೆ ಒಂದೂವರೆ ಮಿಲಿಮೀಟರ್. 25ರಿಂದ ಓಡಿಸಿದರೆ ಒಂದೂಕಾಲು. ಮೊದಲ ಸ್ಟಡ್ ತಿರುಗಿಸಿ ಪಿಚ್ ಗೇಜ್ ಇಟ್ಟು ಬೆಳಕಿಗೆ ಹಿಡಿದಾಗ ಎಲ್ಲಿಯೂ ಒಂದು ಎಳೆ ಬೆಳಕು ಕಾಣಲಿಲ್ಲ. ನನ್ನ ಕಸುಬಿನ ಬದುಕಿನಲ್ಲಿ ಆ ಬೆಳಿಗ್ಗೆಯಷ್ಟು ಸಂತೋಷ ಕೊಟ್ಟದ್ದು ಕಡಿಮೆ.

ಆದರೂ ಬೋಲ್ಟು ಮುರಿಯುವುದು ನಿಲ್ಲಲಿಲ್ಲ. 1984ರ ಮಳೆಗಾಲದಲ್ಲಿ ಒಂದು ಜೀಪು ಬಿಸಿಲೆಯ ಕಡೆಯ ಏಲಕ್ಕಿ ತೋಟದಿಂದ ಮೂರು ಸಲ ವಾಪಸು ಬಂತು. ಮೂರು ಸಲವೂ ಬೆಲ್ ಹೌಸಿಂಗಿನ ಮೇಲಿನ ಎರಡು ಬೋಲ್ಟು. ಥ್ರೆಡ್ಡು ಸರಿ ಇತ್ತು, ಬೋಲ್ಟೂ ಒಳ್ಳೆಯದೇ. ತಲೆಯ ಮೇಲೆ 8.8 ಎಂದು ಒತ್ತಿದ್ದ, ಮದರಾಸಿನಲ್ಲಿ ತಯಾರಾದದ್ದು. ಗೌಡ್ರು ಸಿಟ್ಟಾಗಲಿಲ್ಲ, ಮಳೆಯಲ್ಲಿ ನೆನೆದ ಕೊಡೆ ಮಡಚಿ ಬಾಗಿಲಿಗೆ ಒರಗಿಸಿ, “ಮೇಸ್ತ್ರಿ, ಇನ್ನು ಇದನ್ನ ಪೆಟ್ರೋಲಿಗೇ ವಾಪಸು ಮಾಡಿಬಿಡಿ” ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅಂದು ರಾತ್ರಿ ಮೇಸ್ತ್ರಿ ನನ್ನನ್ನು ಕರೆದು ಹೇಳಿದರು: “ಬೋಲ್ಟನ್ನು ನೋಡಿದ್ದು ಸಾಕು ಮಾರಾಯ, ತೂತನ್ನು ನೋಡು.” ಟಾರ್ಚು ಹಾಕಿ ನೋಡಿದೆ. ಪ್ಲೇಟಿನ ತೂತುಗಳ ಒಂದೇ ಮಗ್ಗುಲು ಹೊಳೆಯುತ್ತಿತ್ತು. ಪ್ಲೇಟು ಕುಳಿತಲ್ಲೇ ಜಾರುತ್ತಿದೆ. ಕ್ರ್ಯಾಂಕ್ ಶಾಫ್ಟಿನ ತುದಿಗೆ ಡಯಲ್ ಗೇಜ್ ಕಟ್ಟಿ ಕೈಯಿಂದ ತಿರುಗಿಸಿದಾಗ ಗೊತ್ತಾಯಿತು: ಗೇರ್‌ಬಾಕ್ಸು ಕೂರುವ ದುಂಡನೆಯ ಬಾಯಿ, ಎಂಜಿನ್ನಿನ ಮಧ್ಯದಿಂದ ಇಪ್ಪತ್ತು ಥೌ ಆಚೆ ಇತ್ತು. ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಇಪ್ಪತ್ತು ಪಾಲು. ಅಷ್ಟಕ್ಕೆ ಗೇರ್‌ಬಾಕ್ಸಿನ ಮೂತಿ ಕೂರುವ ಹಿತ್ತಾಳೆ ಬುಶ್ ಮೊಟ್ಟೆಯಾಕಾರಕ್ಕೆ ಸವೆದಿತ್ತು.

ತಪ್ಪು ನನ್ನದು. ಹಳೆಯ ಬೆಲ್ ಹೌಸಿಂಗಿನಲ್ಲಿ ಬೋಲ್ಟಿನ ಜೊತೆ ಎರಡು ಡೋವೆಲ್ ಪಿನ್ನು ಇರುತ್ತಿದ್ದವು. ಅವು ಜೋಡಿಸುವಾಗ ಅಡ್ಡ ಬರುತ್ತವೆ ಎಂದು ನಾನು ಮೊದಲ ಪ್ಲೇಟುಗಳಲ್ಲಿ ಬಿಟ್ಟುಬಿಟ್ಟಿದ್ದೆ. ಬೋಲ್ಟಿನ ತೂತು ಯಾವಾಗಲೂ ಬೋಲ್ಟಿಗಿಂತ ಸ್ವಲ್ಪ ದೊಡ್ಡದು. ಒಂದು ವಸ್ತು ಎಲ್ಲಿ ಕೂರಬೇಕು ಎಂದು ಹೇಳುವುದು ಪಿನ್ನು. ಅಲ್ಲೇ ಒತ್ತಿ ಹಿಡಿಯುವುದು ಬೋಲ್ಟು. ಪಿನ್ನಿನ ಕೆಲಸವನ್ನು ಬೋಲ್ಟಿಗೆ ಕೊಟ್ಟರೆ ಅದು ಕತ್ತರಿಯ ಬಾಯಿಗೆ ಸಿಕ್ಕಿದ ಹಾಗೆ. ಆ ಮಳೆಗಾಲದಲ್ಲಿ, ಅಷ್ಟರವರೆಗೆ ನಾನು ಮಾಡಿದ್ದ ಹನ್ನೊಂದು ಪ್ಲೇಟುಗಳನ್ನು ಒಂದೊಂದಾಗಿ ವಾಪಸು ತರಿಸಿಕೊಂಡು, ಗೇಜ್ ಕಟ್ಟಿ ಐದು ಥೌ ಒಳಗೆ ತಂದು, ಹಳೆಯ ವಾಲ್ವುಗಳ ಕಾಂಡ ಕತ್ತರಿಸಿ ಒಂದೊಂದಕ್ಕೂ ಎರಡು ಪಿನ್ನು ಮಾಡಿ ಹಾಕಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಯಜಮಾನರೂ ಕೇಳಲಿಲ್ಲ.

ಮುರಿದ ಬೋಲ್ಟನ್ನು ಬ್ಲಾಕಿನಿಂದ ತೆಗೆಯುವುದೇ ಒಂದು ವಿದ್ಯೆ. ಮೊದಲು ಅವಸರ ಬಿಡಬೇಕು. ಸುತ್ತಲೂ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕು. ತುಂಡು ಮೇಲೆ ಕಾಣುತ್ತಿದ್ದರೆ ಅದರ ಮೇಲೆ ನಟ್ಟು ಇಟ್ಟು, ನಟ್ಟಿನ ಹೊಟ್ಟೆಯೊಳಗೆ ವೆಲ್ಡ್ ತುಂಬಿ, ಕೆಂಪು ಬಣ್ಣ ಆರಿದ ಮೇಲೆ ಮುಂದೆ ಒಂದಿಷ್ಟು, ಹಿಂದೆ ಒಂದಿಷ್ಟು ಅಲ್ಲಾಡಿಸಬೇಕು. ಬಿಸಿ ಇರುವಾಗಲೇ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ಸುತ್ತಿನೊಳಕ್ಕೆ ಇಳಿಯುತ್ತದೆ. ತುಂಡು ಒಳಗೆ ಹೂತಿದ್ದರೆ ಸರಿಯಾಗಿ ನಡುಮಧ್ಯಕ್ಕೆ ಪಂಚ್ ಹೊಡೆದು, ಸಣ್ಣ ಡ್ರಿಲ್ಲಿನಿಂದ ಶುರುಮಾಡಿ ಕೊರೆದು, ಎಡಸುತ್ತಿನ ಎಕ್ಸ್‌ಟ್ರ್ಯಾಕ್ಟರ್ ಇಳಿಸಬೇಕು. ಆ ಎಕ್ಸ್‌ಟ್ರ್ಯಾಕ್ಟರ್ ಒಳಗೇ ಮುರಿದರೆ ಅದಕ್ಕಿಂತ ದೊಡ್ಡ ದುಃಖ ಇಲ್ಲ. ಅದಕ್ಕೆ ಡ್ರಿಲ್ಲು ಸುಲಭಕ್ಕೆ ಕಚ್ಚುವುದಿಲ್ಲ. ಪಂಚು ಒಂದು ಕೂದಲು ಆಚೆ ಬಿದ್ದರೆ ಡ್ರಿಲ್ಲು ಗಟ್ಟಿ ಬೋಲ್ಟು ಬಿಟ್ಟು ಮೆತ್ತಗಿನ ಬೀಡಿನೊಳಗೆ ಜಾರುತ್ತದೆ. ಅದಕ್ಕೇ ನಾನು ಬ್ಲಾಕಿನ ತೂತಿಗೆ ಸರಿಯಾದ ಬುಶ್ ತಿರುಗಿಸಿ, ಅದರ ನಡುವಿನ ಸಣ್ಣ ತೂತಿನೊಳಗಿಂದಲೇ ಡ್ರಿಲ್ ಬಿಡುತ್ತಿದ್ದೆ.

ಇನ್ನು ಆಯಿಲ್. ಎಂಜಿನ್ನಿನ ಹಿಂದಿನಿಂದ ಕ್ರ್ಯಾಂಕ್ ಶಾಫ್ಟು ತಿರುಗುತ್ತ ಹೊರಬರುವ ಜಾಗದಲ್ಲಿ ಆಯಿಲ್ಲನ್ನು ತಡೆಯುವುದು ಹೇಗೆ ಎಂಬುದು ಮೋಟಾರು ಹುಟ್ಟಿದಂದಿನಿಂದ ಇರುವ ಪ್ರಶ್ನೆ. ಕೆಲವರು ಗ್ರಾಫೈಟ್ ಸವರಿದ ಕಲ್ನಾರಿನ ಹಗ್ಗ ಸುತ್ತಿದರು. ನಮ್ಮ ಅಂಬಾಸಿಡರ್ ಕಾರಿನ 1489 ಸಿಸಿ ಎಂಜಿನ್ನಿನಲ್ಲಿ ಸೀಲೇ ಇರಲಿಲ್ಲ. ಶಾಫ್ಟಿನ ಮೇಲೆ ಒಂದು ಥ್ರೆಡ್ ಕೊರೆದಿರುತ್ತಿದ್ದರು. ಶಾಫ್ಟು ತಿರುಗಿದಂತೆ ಆ ಥ್ರೆಡ್ಡು ಹೊರಗೆ ಹೊರಟ ಆಯಿಲ್ಲನ್ನು ಒಳಗೇ ತಳ್ಳುತ್ತದೆ. ಥ್ರೆಡ್ ಹಾಕುವುದೇ ಬದುಕಾದ ನನಗೆ, ಏನನ್ನೂ ಮುಟ್ಟದೆ ಎಣ್ಣೆಯನ್ನು ತಡೆಯುವ ಆ ಸುತ್ತು ಈಗಲೂ ಬಲು ಚೆಂದ ಕಾಣುತ್ತದೆ. ಆದರೆ ಎಂಜಿನ್ ನಿಂತಾಗ ಅದೂ ನಿಲ್ಲುತ್ತದೆ. ಬೇರಿಂಗು ಸವೆದರೆ ಸುರಿಯುತ್ತದೆ. ಈಗ ಎಲ್ಲೆಡೆ ಇರುವ, ತುಟಿಯಿರುವ ದುಂಡು ಸೀಲು ಬಂದದ್ದು ಜರ್ಮನಿಯ ವೈನ್‌ಹೈಮಿನ ಫ್ರಾಯ್ಡನ್‌ಬರ್ಗ್ ಎಂಬ ಚರ್ಮ ಹದಮಾಡುವ ಕಾರ್ಖಾನೆಯಿಂದ. 1930ರ ಸುಮಾರಿಗೆ ಚರ್ಮದ ಬಟ್ಟಲನ್ನು ಲೋಹದ ಬಳೆಗೆ ಕಟ್ಟಿ ಮಾಡಿದ ಆ ಸೀಲನ್ನು ವಾಲ್ಟರ್ ಸಿಮ್ಮರ್ ಎಂಬ ಎಂಜಿನಿಯರಿನ ಹೆಸರಿನಲ್ಲೇ ಸಿಮ್ಮರ್‌ರಿಂಗ್ ಎಂದು ಕರೆದರು. ರಬ್ಬರ್ ಬಂದದ್ದು ಆಮೇಲೆ.

ಸೋರಿಕೆ ಹುಡುಕುವಾಗ ಮೇಸ್ತ್ರಿಯ ಕ್ರಮ ಒಂದೇ. ಎಂಜಿನ್ನನ್ನು ಡೀಸೆಲ್ಲಿನಲ್ಲಿ ತೊಳೆದು, ಒಣಗಿಸಿ, ಕೆಳಗೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸುವುದು. ಹತ್ತು ನಿಮಿಷ ಓಡಿಸಿದರೆ ಬಿಳಿಯ ಮೇಲೆ ಕಪ್ಪು ದಾರಿ ಬೀಳುತ್ತದೆ. ಆಯಿಲ್ ಬೀಳುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ. ಟ್ಯಾಪೆಟ್ ಕವರಿನಿಂದ ಇಳಿದು ಬ್ಲಾಕಿನ ಬೆನ್ನಿನ ಮೇಲೆ ಹರಿದು ಕ್ಲಚ್ಚಿನ ಕೆಳಗೆ ತೊಟ್ಟಿಕ್ಕುವ ಆಯಿಲ್ಲಿಗೆ, ಗೇರ್‌ಬಾಕ್ಸ್ ಇಳಿಸಿ ಹೊಸ ಸೀಲ್ ಹಾಕಿದವರು ಎಷ್ಟೋ ಜನ.

ಸೋರದಂತೆ ಎರಡು ಲೋಹಗಳ ನಡುವೆ ಹಾಕುವ ಪ್ಯಾಕಿಂಗ್ ಕೊಳ್ಳಲು ಸಿಗುತ್ತಿರಲಿಲ್ಲ. ಗುಜರಿ ಎಂಜಿನ್ನಿಗೆ ಬಾಕ್ಸಿನಲ್ಲಿ ಪ್ಯಾಕಿಂಗ್ ಸೆಟ್ ಎಲ್ಲಿಂದ ಬರಬೇಕು? ಆಯಿಲ್ ಚೇಂಬರಿನ ಬಾಯಿಗೆ ಕಾಗದದ ಹಾಳೆ ಹಾಸಿ, ದುಂಡು ಸುತ್ತಿಗೆಯಿಂದ ಅಂಚಿನ ಮೇಲೆ ಮೆಲ್ಲಗೆ ತಟ್ಟುತ್ತ ಹೋದರೆ ಲೋಹದ ಅಂಚೇ ಕತ್ತರಿಯಾಗುತ್ತದೆ. ಬೋಲ್ಟಿನ ತೂತಿನ ಮೇಲೆ ಬೇರಿಂಗಿನ ಗೋಲಿ ಇಟ್ಟು ಒಂದು ಏಟು ಹಾಕಿದರೆ ದುಂಡಗೆ ಕತ್ತರಿಸಿ ಬೀಳುತ್ತದೆ. ಮೇಸ್ತ್ರಿ ಚೇಂಬರಿನ ಪ್ಯಾಕಿಂಗ್ ತಟ್ಟುವಾಗ ದೂರಕ್ಕೆ ಯಾರೋ ಅವಲಕ್ಕಿ ಕುಟ್ಟುತ್ತಿದ್ದಾರೆ ಅನ್ನಿಸುತ್ತಿತ್ತು.

ನನಗೆ ಮರೆಯಲಾಗದ ಸೋರಿಕೆ 1986ರದು. ಯುದ್ಧಕಾಲದ ಗಿಡ್ಡ ಬಾನೆಟ್ಟಿನ ಜೀಪು, ಪ್ಯೂಜೋ ಎಂಜಿನ್. ನನ್ನ ಪ್ಲೇಟು, ಡೋವೆಲ್ ಹಾಕಿದ್ದು. ಬೋಲ್ಟು ಒಂದೂ ಮುರಿಯಲಿಲ್ಲ. ಆದರೆ ಹಿಂದಿನ ಸೀಲು ಸೋರಿ ಕ್ಲಚ್ ಪ್ಲೇಟು ನೆನೆದು ಏರಿನಲ್ಲಿ ಜಾರತೊಡಗಿತು. ಸೀಲು ಬದಲಿಸಿದರು. ತಿಂಗಳಿಗೆ ಮತ್ತೆ. ಶಾಫ್ಟಿಗೆ ಗೆರೆ ಬಿದ್ದಿದೆಯೆಂದು ಎಮರಿಯಲ್ಲಿ ಉಜ್ಜಿದೆವು, ಮತ್ತೆ ಸೋರಿತು. ನಾಲ್ಕನೆಯ ಸಲ ಗಾಡಿಯನ್ನು ಸ್ಟಾರ್ಟ್ ಮಾಡಿಟ್ಟು ಮೇಸ್ತ್ರಿ ಆಯಿಲ್ ಹಾಕುವ ಮುಚ್ಚಳ ತೆಗೆದರು. ಮುಚ್ಚಳ ಅವರ ಕೈಯಿಂದ ಹಾರಿತು. ಎಂಜಿನ್ನಿನ ಹೊಟ್ಟೆಯಲ್ಲಿ ಗಾಳಿ ತುಂಬಿ ನಿಂತಿದೆ. ಪಿಸ್ಟನ್ ರಿಂಗಿನ ಪಕ್ಕದಿಂದ ಕೆಳಗೆ ಇಳಿಯುವ ಗಾಳಿ ಹೊರಹೋಗಲು ಬ್ರೀದರ್ ಪೈಪು ಇರುತ್ತದೆ. ಬಾನೆಟ್ ಮುಚ್ಚಲೆಂದು ಆ ರಬ್ಬರ್ ಪೈಪನ್ನು ಬಾಗಿಸಿ ಕಟ್ಟಿದ್ದರು, ಬಿಸಿಗೆ ಅದು ಚಪ್ಪಟೆಯಾಗಿ ಮುಚ್ಚಿಕೊಂಡಿತ್ತು. ದಾರಿ ಕಾಣದ ಗಾಳಿ ಆಯಿಲ್ಲನ್ನೂ ಎಳೆದುಕೊಂಡು ಸೀಲಿನ ತುಟಿ ಎತ್ತಿ ಹೊರಬರುತ್ತಿತ್ತು. ನಾಲ್ಕು ಸೀಲಿನದೂ ತಪ್ಪಿರಲಿಲ್ಲ.

ಮೇಸ್ತ್ರಿ ಬಾನೆಟ್ಟಿಗೆ ತೂತು ಕೊರೆದು, ಅದರ ಮೇಲೆ ಒಂದು ತಗಡಿನ ಗುಬ್ಬಿ ಬಡಿದು ಕೂರಿಸಿ, ಪೈಪನ್ನು ನೆಟ್ಟಗೆ ಬಿಟ್ಟರು. ಆ ಜೀಪು ಆಮೇಲೆ ಗುಬ್ಬಿ ಜೀಪೆಂದೇ ಹೆಸರಾಯಿತು. ವಿಲ್ಲಿಸ್‌ನವರು ಬಾನೆಟ್ ಎತ್ತರಿಸಿದ ಕಥೆ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದ ದಿನ ಮೇಸ್ತ್ರಿಗೆ ಹೇಳಬೇಕೆನ್ನಿಸಿತು. ಅವರು ತೀರಿಕೊಂಡು ಆರು ವರ್ಷವಾಗಿತ್ತು.

1988ರ ಮೋಟಾರು ವಾಹನ ಕಾಯಿದೆ ಬಂದ ಮೇಲೆ ಎಂಜಿನ್ ಬದಲಿಸಿದರೆ ಆರ್‌ಟಿಒ ಒಪ್ಪಿಗೆ, ಪುಸ್ತಕದಲ್ಲಿ ನಮೂದು ಎಲ್ಲ ಬಿಗಿಯಾಯಿತು. ಅದರ 52ನೆಯ ಸೆಕ್ಷನ್ ನಮ್ಮ ಹುಡುಗರಿಗೂ ಬಾಯಿಪಾಠ. ಕಂಪನಿಯೇ ಡೀಸೆಲ್ ಗಾಡಿಗಳನ್ನು ಸಾಲುಸಾಲಾಗಿ ಬಿಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಿಸಿದವರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದಿತು. ಅದಕ್ಕೆ ಎಷ್ಟೋ ಮುಂಚೆಯೇ ನನ್ನ ಪ್ಲೇಟು ಕೇಳುವವರು ನಿಂತಿದ್ದರು.

ಈಗ ಉಲ್ಟಾ ಕೆಲಸ ಬರುತ್ತದೆ. ಹೋದ ವರ್ಷ ಒಬ್ಬ ಹುಡುಗ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಅಜ್ಜನ ಸಿಜೆ-3ಬಿ ಜೀಪು ತಂದ. ಪುಸ್ತಕದಲ್ಲಿ ಇರುವ ಹರಿಕೇನ್ ಪೆಟ್ರೋಲ್ ಎಂಜಿನ್ನೇ ಮತ್ತೆ ಕೂರಬೇಕಂತೆ. ಅದು ಅವರ ಕಾಫಿ ಗೋಡೌನಿನಲ್ಲಿ ಗೋಣಿಚೀಲ ಹೊದ್ದು ಮೂವತ್ತೈದು ವರ್ಷದಿಂದ ಕೂತಿತ್ತು. ಡೀಸೆಲ್ ಎಂಜಿನ್ ಇಳಿಸಿದಾಗ ಹಿಂದಿನಿಂದ ನನ್ನದೇ ಪ್ಲೇಟು ಹೊರಬಂತು. ಮೂಲೆಯಲ್ಲಿ ನಾನು ಪಂಚಿನಿಂದ ಹೊಡೆದಿದ್ದ ಅಂಕಿ: 14. ಡೋವೆಲ್ ಎರಡೂ ಇದ್ದವು. ತೂತುಗಳಲ್ಲಿ ಹೊಳಪಿರಲಿಲ್ಲ.

“ಅಂಕಲ್, ಇದನ್ನ ಗುಜರಿಗೆ ಹಾಕೋದಾ?” ಎಂದು ಕೇಳಿದ. ಬೇಡ ಎಂದೆ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ.

ಬೆಲ್ ಹೌಸಿಂಗಿನ ಒಂದು ತೂತಿಗೆ ಯಾರೋ ನಡುವೆ 10 ಮಿಲಿಮೀಟರ್ ಬೋಲ್ಟನ್ನು ಬಲವಂತವಾಗಿ ತುರುಕಿ ಅಮೆರಿಕದ ಥ್ರೆಡ್ಡನ್ನು ಹರಿದುಹಾಕಿದ್ದರು. ಅದನ್ನು ಅಗಲ ಮಾಡಿ, ಹೊರಗೆ ಮಿಲಿಮೀಟರ್, ಒಳಗೆ 3/8 ಥ್ರೆಡ್ ಇರುವ ಬುಶ್ ತಿರುಗಿಸಿ ಕೂರಿಸಿದೆ. ಹೊರಸುತ್ತಿಗೆ 127ರ ಚಕ್ರ ಹಾಕಿದೆ. ಅದರ ಎರಡು ಹಲ್ಲಿನ ತುದಿ ಈಗ ಸವೆದಿದೆ, ಆದರೂ ಲೆಕ್ಕ ತಪ್ಪಿಲ್ಲ. ಮೂರನೆಯ ಸಲ ಸೆಲ್ಫ್ ಹೊಡೆದಾಗ ಜೀಪು ಸ್ಟಾರ್ಟ್ ಆಯಿತು. ಹುಡುಗನ ಕಣ್ಣಲ್ಲಿ ನೀರಿತ್ತು. ತಕ್ಷಣ ಕೀ ಕೊಡಿ ಎಂದ. ಕೊಡಲಿಲ್ಲ. ರಾತ್ರಿ ಕೆಳಗೆ ರಟ್ಟು ಹಾಸಿ ಬಾಗಿಲು ಹಾಕಿದೆವು.

ಬೆಳಿಗ್ಗೆ ಬಂದು ನೋಡಿದರೆ ರಟ್ಟಿನ ಮೇಲೆ, ಸರಿಯಾಗಿ ಹಿಂದಿನ ಸೀಲಿನ ಕೆಳಗೆ, ಎರಡು ಹನಿ.

ಹುಡುಗನಿಗೆ ಫೋನ್ ಮಾಡಿ ಇನ್ನೊಂದು ವಾರ ಬೇಕು ಎಂದೆ. ಬ್ರೀದರ್ ಪೈಪು ಕಳಚಿ ಊದಿ ನೋಡಲು ಶುರುಮಾಡಿದೆ.